ಅಳಿಸಲು ಹೇಳಿದ ಪ್ಯಾರಾ

ಸಭೆಯ ಮಿನಿಟ್ಸ್, ಅಂದರೆ ನಡಾವಳಿ, ಬರೆಯುವ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ನನ್ನ ಹತ್ತಿರ ಸಲಹೆ ಕೇಳಲು ಬರುತ್ತಾರೆ. ಬಂದವರಿಗೆ ಚಹಾ ಕೊಡುತ್ತೇನೆ, ಸಲಹೆ ಕೊಡುವುದಿಲ್ಲ. ಸಲಹೆ ಕೊಡುವಷ್ಟು ಸಭ್ಯವಾಗಿ ನಾನು ಆ ಕೆಲಸದಿಂದ ಹೊರಗೆ ಬಂದವಳಲ್ಲ. ಮೂವತ್ತು ವರ್ಷ ಬಾಳಿದ ದೇಶಕ್ಕೆ ಈಗ ವಿಸಿಟ್ ವೀಸಾದಲ್ಲಿ ಬಂದು, ದುಬೈಯ ಜುಮೇರಾ ಲೇಕ್ ಟವರ್ಸಿನಲ್ಲಿರುವ ಮಗಳ ಫ್ಲ್ಯಾಟಿನಲ್ಲಿ ಎರಡು ತಿಂಗಳು ಇದ್ದು ಹೋಗುತ್ತೇನೆ. ಹಾಗೆ ಯಾಕಾಯಿತು ಎಂಬುದನ್ನು ಹೇಳಿದರೆ ಕೆಲಸ ಎಂಥದ್ದು ಎಂಬುದೂ ತಾನಾಗಿ ಗೊತ್ತಾಗುತ್ತದೆ.

ನನ್ನ ಹೆಸರು ಜೊಹರಾ. ಉಳ್ಳಾಲದ ಬ್ಯಾರಿ ಮನೆಯವಳು. ಮಂಗಳೂರಿನಲ್ಲಿ ಶಾರ್ಟ್‌ಹ್ಯಾಂಡ್ ಕಲಿತು, ಮದುವೆಯಾಗಿ ಅಬುಧಾಬಿಗೆ ಬಂದು, ಹಮ್ದಾನ್ ಸ್ಟ್ರೀಟಿನ ಕಟ್ಟಡವೊಂದರ ಒಂಬತ್ತನೇ ಮಹಡಿಯ ಕಚೇರಿಯಲ್ಲಿ ಸ್ಟೆನೋ ಆಗಿ ಸೇರಿದೆ. ಅದು ಐದು ಸಣ್ಣ ದೇಶಗಳು ಸೇರಿ ನಡೆಸುತ್ತಿದ್ದ ಜಂಟಿ ಕಚೇರಿ. ಐದೂ ಕಡಲಿಗೆ ಮೈಯೊಡ್ಡಿ ಕೂತ ದೇಶಗಳು, ಅದರಲ್ಲಿ ಎರಡು ಬರೀ ದ್ವೀಪಗಳು. ಅವುಗಳ ನಡುವೆ ಒಂದರಿಂದ ಇನ್ನೊಂದಕ್ಕೆ ನೇರ ವಿಮಾನ ಇರಲಿಲ್ಲ. ಐದಕ್ಕೂ ನೇರ ವಿಮಾನ ಇದ್ದದ್ದು ಇಲ್ಲಿಗೆ ಮಾತ್ರ, ಆದ್ದರಿಂದ ಕಚೇರಿಯೂ ಇಲ್ಲೇ. ದೇಶಗಳ ಹೆಸರು ಹೇಳುವುದಿಲ್ಲ. ಹೇಳುವುದಿಲ್ಲ ಎಂದು ಸಹಿ ಹಾಕಿದ್ದೇನೆ, ಆ ಸಹಿಗೆ ಅಷ್ಟು ಮರ್ಯಾದೆ ಸಾಕು.

ಮೂರು ತಿಂಗಳಿಗೊಮ್ಮೆ ಐದೂ ದೇಶದ ಪ್ರತಿನಿಧಿಗಳು ಸೇರುತ್ತಿದ್ದರು. ಮೇಜಿನ ಮೂಲೆಯಲ್ಲಿ ಕೂತು ಯಾರು ಏನೆಂದರು ಎಂದು ಬರೆಯುವುದು ನನ್ನ ಕೆಲಸ. ಮುಂದಿನ ಸಭೆಯ ಆರಂಭದಲ್ಲಿ ಆ ಬರಹವನ್ನು ಬರೆದವರೇ ಎದ್ದು ನಿಂತು ಗಟ್ಟಿಯಾಗಿ ಓದಬೇಕು, ಎಲ್ಲರೂ ಒಪ್ಪಬೇಕು. ಬೇರೆ ಕಚೇರಿಗಳಲ್ಲಿ ಈ ಓದು ಯಾವತ್ತೋ ನಿಂತುಹೋಗಿತ್ತು. ನಮ್ಮಲ್ಲಿ ಉಳಿದಿತ್ತು, ಯಾಕೆಂದರೆ ಕಾಗದ ಕೈಗೆ ಕೊಟ್ಟರೆ ಓದುವ ಪೈಕಿಯವರು ಐವರಲ್ಲಿ ಇಬ್ಬರೇ.

ಮೊದಲ ವರ್ಷವೇ ಒಂದು ಎಡವಟ್ಟು ಮಾಡಿದೆ. ದ್ವೀಪಗಳಲ್ಲೊಂದರ ಪ್ರತಿನಿಧಿ ಕ್ಯಾಪ್ಟನ್ ಇದ್ರೀಸ್, ಹಿಂದೆ ಬಂದರಿನಲ್ಲಿ ಹಡಗುಗಳಿಗೆ ದಾರಿ ತೋರಿಸುವ ಪೈಲಟ್ ಆಗಿದ್ದವರು. ಯುರೋಪಿನಿಂದ ಬಂದ ಸಲಹೆಗಾರನೊಬ್ಬ ಮೀನು ಸಂಪತ್ತನ್ನು ಉಳಿಸುವುದು ಹೇಗೆ ಎಂದು ಪಾಠ ಮಾಡುತ್ತಿದ್ದಾಗ ಅವರು ಎದ್ದು ನಿಂತು, "ನಿಮ್ಮ ಹಡಗುಗಳು ನಮ್ಮ ಕಡಲನ್ನು ಗುಡಿಸಿಕೊಂಡು ಹೋದ ಕಾಲದಲ್ಲಿ ಈ ಪಾಠ ಎಲ್ಲಿ ಇಟ್ಟಿದ್ದಿರಿ?" ಎಂದು ಕೇಳಿದರು. ಸಭೆಯ ಮಾತೆಲ್ಲ ಇಂಗ್ಲಿಷ್. ಇಲ್ಲಿ ಕನ್ನಡಕ್ಕೆ ತರುವಾಗ ಸಿಟ್ಟನ್ನು ಕಡಿಮೆ ಮಾಡಿಲ್ಲ. ಆದರೆ ಅವತ್ತು ಕಡಿಮೆ ಮಾಡಿದ್ದೆ. ಹೊಸ ಕೆಲಸ, ಹೆದರಿಕೆ ಬೇರೆ, ದ್ವೀಪದ ಪ್ರತಿನಿಧಿ ಕಳವಳ ವ್ಯಕ್ತಪಡಿಸಿದರು ಎಂದು ಚೆಂದವಾಗಿ ಬರೆದೆ.

ಮುಂದಿನ ಸಭೆಯಲ್ಲಿ ಅದನ್ನು ಓದಿದಾಗ ಕ್ಯಾಪ್ಟನ್ ಕೈ ಎತ್ತಿದರು. "ಅಮ್ಮಾ, ನನಗೆ ಕಳವಳ ಆಗಿರಲಿಲ್ಲ. ಸಿಟ್ಟು ಬಂದಿತ್ತು. ಸಿಟ್ಟು ಎಂದು ಬರೆಯಿರಿ. ನಮ್ಮ ದೇಶದ ಬಳಿ ಸೈನ್ಯ ಇಲ್ಲ, ಇರುವುದು ಅದೊಂದೇ."

ಎಲ್ಲರೂ ನಕ್ಕರು.  ಅವತ್ತೇ ತಿದ್ದಿದೆ, ಆಮೇಲೆ ಯಾರ ಮಾತನ್ನೂ ನಾನು ತೊಳೆದು ಬರೆದದ್ದಿಲ್ಲ.

ಇನ್ನು ಮಂಗಳವಾರದ ಓದು. ಸಭೆ ಬುಧವಾರ ಇದ್ದರೆ ಅದರ ಹಿಂದಿನ ದಿನ ಐವರೂ ಕಚೇರಿಯ ಊಟದ ಕೋಣೆಯಲ್ಲಿ ಸೇರುತ್ತಿದ್ದರು. ಮೂರು ತಿಂಗಳಲ್ಲಿ ಯಾವುದಾದರೂ ದೊಡ್ಡ ದೇಶವೋ ಕಂಪನಿಯೋ ತಮ್ಮ ಮುಂದಿಟ್ಟ ಒಪ್ಪಂದದ ಕರಡನ್ನು ಮೇಜಿನ ಮೇಲೆ ಹಾಸಿ ಒಂದೊಂದೇ ಸಾಲು ಓದುವುದು. ಒಬ್ಬರು ಓದಿದರೆ ಇನ್ನೊಬ್ಬರು, ಓಹೋ, ನಮಗೆ ಇದೇ ಕಂಪನಿ ಬೇರೆ ಮಾತು ಹೇಳಿದೆಯಲ್ಲ ಎನ್ನುತ್ತಿದ್ದರು. ಒಮ್ಮೆ ಬಂದರಿನ ಹೂಳೆತ್ತುವ ಕಂಪನಿಯೊಂದು ಮೂರು ದೇಶಗಳಿಗೆ ಒಂದೇ ಯಂತ್ರವನ್ನು ಒಂದೇ ತಿಂಗಳಲ್ಲಿ ಕಳಿಸುವುದಾಗಿ ಮಾತು ಕೊಟ್ಟದ್ದು ಹೀಗೆ ಬಯಲಾಯಿತು. ಐವರೂ ಸೇರಿ ಒಂದೇ ಕಾಗದ ಬರೆದರು, ಕಂಪನಿಯವರು ಓಡಿ ಬಂದರು. ಬಿರಿಯಾನಿಯ ತಟ್ಟೆಗಳ ನಡುವೆ ನಡೆಯುತ್ತಿದ್ದ ಈ ಓದೇ ಅವರ ಬಲ. ಒಬ್ಬೊಬ್ಬರಾಗಿ ಹೋದರೆ ಯಾರೂ ಕುರ್ಚಿ ಕೊಡದವರು ಅವರು.

ಅವರ ಮೊದಲ ಒಪ್ಪಂದದ ಮೊದಲ ಸಾಲು ನನಗೆ ಬಾಯಿಪಾಠ. ಗಾಳಿ ಎದ್ದಾಗ ಐವರಲ್ಲಿ ಯಾರ ದೋಣಿಗಾದರೂ ಐವರಲ್ಲಿ ಯಾರ ಬಂದರಾದರೂ ಕೇಳದೆಯೇ ತೆರೆದಿರಬೇಕು. ಟೈಪ್ ಮಾಡುವಾಗ ನನ್ನ ಅಪ್ಪನ ನೆನಪಾಗಿತ್ತು. ಅವರು ಒಣಮೀನಿನ ವ್ಯಾಪಾರಕ್ಕೆ ದೋಣಿಯಲ್ಲಿ ಹೋದವರು ಗಾಳಿಗೆ ಸಿಕ್ಕಿ, ನದಿ ಕಡಲು ಸೇರುವ ನಮ್ಮ ಅಳಿವೆ ಬಾಗಿಲು ದಾಟಲಾಗದೆ ಯಾರದೋ ಊರಿನ ದೋಣಿ ನಿಲ್ಲುವ ದಕ್ಕೆಯಲ್ಲಿ ಎರಡು ದಿನ ಇದ್ದು ಬಂದಿದ್ದರು. ಆ ಊರಿನವರು ಹೆಸರು ಕೇಳುವ ಮೊದಲು ಗಂಜಿ ಕೊಟ್ಟರು ಎಂದು ಸಾಯುವವರೆಗೆ ಹೇಳುತ್ತಿದ್ದರು.

ಆಮೇಲೆ ಚೀನಾದವರು ಬಂದರು. ಇಲ್ಲಿ ಒಂದು ಮಾತು ನೇರವಾಗಿ ಹೇಳುತ್ತೇನೆ. ಚೀನಾದ ಮೇಲೆ ದೂರು ಹೇಳಿಸಲು ನನ್ನ ಹತ್ತಿರ ಬರುವವರು ಬಂದ ದಾರಿ ಹಿಡಿಯಬಹುದು. ಬಂದರು ಕಟ್ಟಿಕೊಡಿ ಎಂದು ನಮ್ಮ ದ್ವೀಪದವರು ಎರಡು ದಶಕ ಎಲ್ಲರ ಬಾಗಿಲು ತಟ್ಟಿದ್ದರು. ಬೇರೆಯವರು ವರದಿ ಕೊಟ್ಟರು, ತರಬೇತಿ ಕೊಟ್ಟರು, ಟೋಪಿ ಮತ್ತು ಬ್ಯಾಗು ಕೊಟ್ಟರು. ಚೀನಾದವರು ಬಂದರು ಕಟ್ಟಿದರು, ಹೇಳಿದ ತಿಂಗಳಿಗೆ ಮುಗಿಸಿದರು. ಅದನ್ನು ನಾನು ನಡಾವಳಿಯಲ್ಲಿ ಬರೆದಿದ್ದೇನೆ, ಅಲ್ಲಗಳೆಯುವುದಿಲ್ಲ.

ಅವರ ಕಡೆಯಿಂದ ಮಾತಾಡುತ್ತಿದ್ದವರು ಶ್ರೀ ಚೆನ್ ಎಂಬ ರಾಜತಾಂತ್ರಿಕರು. ಮೆಲುದನಿಯವರು, ತಾಳ್ಮೆಯವರು. ಐವರ ಮಕ್ಕಳ ಹೆಸರು, ಯಾರಿಗೆ ಸಕ್ಕರೆ ಕಾಯಿಲೆ, ಯಾರು ಹಂದಿ ತಿನ್ನುವುದಿಲ್ಲ ಎಲ್ಲ ಅವರಿಗೆ ಗೊತ್ತು. ನನಗೂ ರಂಜಾನಿಗೆ ಖರ್ಜೂರದ ಪೆಟ್ಟಿಗೆ ಬರುತ್ತಿತ್ತು. ಒಂದೇ ಒಂದು ವಿಶೇಷ, ಅವರು ಐವರನ್ನೂ ಒಟ್ಟಿಗೆ ಎಂದೂ ಊಟಕ್ಕೆ ಕರೆಯಲಿಲ್ಲ. ಸೋಮವಾರ ಒಬ್ಬರು, ಗುರುವಾರ ಇನ್ನೊಬ್ಬರು, ದುಬೈಯ ಬೇರೆ ಬೇರೆ ಹೋಟೆಲು. ಪ್ರತಿಯೊಬ್ಬರಿಗೂ ತಮ್ಮ ದೇಶವೇ ಅವರಿಗೆ ಹತ್ತಿರದ್ದು ಎಂಬ ನಂಬಿಕೆ ಬರುವಂತೆ ಮಾತಾಡುತ್ತಿದ್ದರು. ಕೊಟ್ಟ ಕರಡುಗಳಲ್ಲಿ ಇದನ್ನು ಮೂರನೆಯವರಿಗೆ ತೋರಿಸಬಾರದು ಎಂಬ ಒಂದು ಸಾಲು ಇರುತ್ತಿತ್ತು.

ಮೂರನೆಯವರು ಅಂದರೆ ಯಾರು? ಅಲ್ಲಿಯವರೆಗೆ ನಮ್ಮ ಐವರು ಒಬ್ಬರಿಗೊಬ್ಬರು ಮೂರನೆಯವರಾಗಿರಲಿಲ್ಲ.

ಮಂಗಳವಾರದ ಓದು ಬಡಕಲಾಗುತ್ತ ಬಂತು. ಬರುತ್ತಿದ್ದರು, ಬಿರಿಯಾನಿ ತಿನ್ನುತ್ತಿದ್ದರು, "ಈ ಸಲ ನಮ್ಮಲ್ಲಿ ತೋರಿಸುವಂಥದ್ದು ಏನೂ ಇಲ್ಲ" ಎನ್ನುತ್ತಿದ್ದರು. ಐವರೂ ಅದನ್ನೇ ಹೇಳಿದ ಒಂದು ಮಂಗಳವಾರ ನಾನು ಇವತ್ತು ಮೇಜಿಗೆ ಯಾವ ಕಾಗದವೂ ಬರಲಿಲ್ಲ ಎಂದು ಟಿಪ್ಪಣಿಯಲ್ಲಿ ಬರೆದೆ. ನಮ್ಮ ಡೈರೆಕ್ಟರ್ ಕರೆದು ಕೇಳಿದರು. ಅವರು ಐದರಲ್ಲಿ ಒಂದು ದೇಶದ ನಿವೃತ್ತ ಅಧಿಕಾರಿ, ಯಾವ ದೊಡ್ಡವರೂ ತಮ್ಮ ಮೇಲೆ ಮುನಿಯಬಾರದು ಎಂಬುದೊಂದೇ ಅವರ ಧ್ಯೇಯ.

"ಇಲ್ಲದ್ದನ್ನು ಯಾಕೆ ಬರೆಯುತ್ತೀರಿ?"

"ಇಪ್ಪತ್ತು ವರ್ಷ ಇತ್ತು ಸಾರ್. ಇಲ್ಲವಾದ ದಿನ ಬರೆಯಬೇಡವೇ?" ಎಂದೆ.

ಅದಾದ ಮೇಲೆ ನನ್ನ ಅತಿ ದೊಡ್ಡ ತಪ್ಪು. ಇದನ್ನು ಮುಚ್ಚಿಟ್ಟು ಉಳಿದದ್ದನ್ನು ಹೇಳಿದರೆ ನನಗೆ ನಾಚಿಕೆಯಾಗಬೇಕು. ಕ್ಯಾಪ್ಟನ್ ಇದ್ರೀಸ್ ಒಂದು ಜಂಟಿ ಪತ್ರದ ಕರಡು ತಂದರು. ಐದೂ ದೇಶಗಳು ತಮಗೆ ಬಂದ ಒಪ್ಪಂದಗಳನ್ನು ಪರಸ್ಪರ ತೋರಿಸಿಕೊಳ್ಳುತ್ತವೆ, ಮೂರನೆಯವರಿಗೆ ತೋರಿಸಬಾರದೆಂಬ ಮಾತು ನಮ್ಮೊಳಗೆ ನಡೆಯುವುದಿಲ್ಲ ಎಂದು ಎಲ್ಲ ದೊಡ್ಡ ದೇಶಗಳಿಗೂ ತಿಳಿಸುವ ಪತ್ರ. ನಮ್ಮ ರೂಢಿಯಂತೆ ಕರಡನ್ನು ಐವರಿಗೂ ಕಳಿಸಿದೆ. ವಾರದ ಕೊನೆಯ ಕೆಲಸದ ದಿನ ಕಚೇರಿ ಮುಚ್ಚುವವರೆಗೆ ಯಾರೂ ಬೇಡ ಎನ್ನದಿದ್ದರೆ ಒಪ್ಪಿದಂತೆ, ಪತ್ರ ಹೊರಡುತ್ತದೆ.

ವಾರದ ಕೊನೆ ಎಂದರೆ ನನ್ನ ಕೈಗೆ ಗುರುವಾರ. ಮದುವೆಯಾಗಿ ಬಂದ ದಿನದಿಂದ ಶುಕ್ರವಾರ ರಜೆ. ಗುರುವಾರ ಸಂಜೆ ಬೀಗ ಹಾಕಿ, ಕೆಳಗಿನ ಅಂಗಡಿಯಲ್ಲಿ ಮೀನು ಕೊಂಡು ಮನೆಗೆ ಹೋಗುವವಳು ನಾನು. ಆ ವರ್ಷ ಸರ್ಕಾರ ರಜೆ ಬದಲಿಸಿತ್ತು. ಶನಿವಾರ ಭಾನುವಾರ ರಜೆ, ಶುಕ್ರವಾರ ಮಧ್ಯಾಹ್ನದವರೆಗೆ ಕೆಲಸ. ಬದಲಾಗಿ ಎರಡೇ ವಾರ. ಗುರುವಾರ ಸಂಜೆ ಯಾರ ಆಕ್ಷೇಪವೂ ಬಂದಿರಲಿಲ್ಲ. ಎಲ್ಲರೂ ಒಪ್ಪಿದ್ದಾರೆ ಎಂದು ಷರಾ ಬರೆದು, ಮೊಹರು ಒತ್ತಿ ಪತ್ರ ಕಳಿಸಿಯೇಬಿಟ್ಟೆ. ಮನಸ್ಸಿನಲ್ಲಿ ಖುಷಿ ಇತ್ತು, ಆ ಖುಷಿಯೂ ಕೈಯನ್ನು ಓಡಿಸಿರಬೇಕು.

ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಮೇಡಂ ಸೆಲೀನ್ ಅವರ ಆಕ್ಷೇಪ ಬಂತು. ಅವರು ಕ್ಯಾಪ್ಟನ್ನರ ದ್ವೀಪದ ಪಕ್ಕದ ದೇಶದ ಪ್ರತಿನಿಧಿ, ಶಾಲಾ ಟೀಚರ್ ಆಗಿದ್ದವರು, ಮಾತು ಕಡಿಮೆ. ಅವರ ಸರ್ಕಾರಕ್ಕೆ ಪತ್ರ ಬೇಡ. ಗಡುವು ಮುಗಿಯಲು ಇನ್ನೂ ಎರಡು ಗಂಟೆ ಇತ್ತು.

ಆಡಳಿತ ನೋಡಿಕೊಳ್ಳುತ್ತಿದ್ದ ಸತ್ಯನಾರಾಯಣ ಅವರ ಟೇಬಲ್ಲಿಗೆ ಓಡಿದೆ. ಮೈಸೂರಿನವರು, ನಿಯಮದ ಪುಸ್ತಕ ಪಕ್ಕದಲ್ಲಿಟ್ಟುಕೊಂಡೇ ಕಾಫಿ ಕುಡಿಯುವವರು. ಅವರು ಕನ್ನಡಕ ತೆಗೆದು ಹಣೆ ಒತ್ತಿಕೊಂಡರು.

"ಏನ್ ಮಾಡ್ಬಿಟ್ರಿ ಜೊಹರಾ ಅವ್ರೇ. ಇವತ್ತು ಕೆಲ್ಸದ ದಿನ ಅಲ್ವೇನ್ರೀ?"

"ಗೊತ್ತುಂಟು ಸಾರ್. ಇವತ್ತು ಬಂದು ಕೂತಿದ್ದೇನಲ್ಲ. ಕೈಗೆ ಗೊತ್ತಾಗ್ಲಿಲ್ಲ."

"ಕೈ ಮೇಲೆ ರಿಪೋರ್ಟ್ ಬರೆಯಕ್ಕಾಗತ್ತಾ? ನಿಮ್ಮ್ ಮೇಲೇ ಬರೀಬೇಕು ನಾನು."

ಬರೆದರು. ಪತ್ರವನ್ನು ವಾಪಸು ತರಿಸಿದೆವು, ಕಚೇರಿಯ ಗುಮಾಸ್ತೆಯ ಅಚಾತುರ್ಯ ಎಂದು ಎಲ್ಲ ಕಡೆ ಕ್ಷಮೆ ಕೇಳಲಾಯಿತು. ಒಪ್ಪಿದ್ದ ನಾಲ್ವರಲ್ಲಿ ಮೂವರಿಗೆ ನನ್ನ ತಪ್ಪು ವರವಾಯಿತು. ಕ್ರಮ ತಪ್ಪಿದೆ, ಹೊಸದಾಗಿ ಯೋಚಿಸೋಣ ಎಂದು ಹಿಂದೆ ಸರಿದರು. ಹೊಸದಾಗಿ ಯಾರೂ ಯೋಚಿಸಲಿಲ್ಲ. ಕೆಲವೇ ತಿಂಗಳಲ್ಲಿ ಕ್ಯಾಪ್ಟನ್ನರ ಸರ್ಕಾರವೂ ಚೀನಾದವರ ಬಂದರಿನ ಒಪ್ಪಂದಕ್ಕೆ ಸಹಿ ಹಾಕಿತು. ಕ್ಯಾಪ್ಟನ್ ಸೋತುಹೋಗಿದ್ದರು, ಆ ಒಪ್ಪಂದವನ್ನು ಮಂಗಳವಾರದ ಮೇಜಿಗೆ ತರಲಿಲ್ಲ. ನಾನು ಅವರ ಹತ್ತಿರ ಹೋಗಿ ಕ್ಷಮೆ ಕೇಳಿದೆ. "ಒಂದು ಶುಕ್ರವಾರಕ್ಕೆ ಮುರಿಯುವ ಒಗ್ಗಟ್ಟು ನಿಮ್ಮಿಂದ ಮುರಿಯಿತು ಎಂದುಕೊಳ್ಳಬೇಡಿ" ಎಂದರು. ಅವರ ದೊಡ್ಡತನ ಅದು. ನನಗೆ ಇವತ್ತಿಗೂ ಆ ಮೊಹರಿನ ಸದ್ದು ಕೇಳುತ್ತದೆ.

ಆ ದಿನಗಳಲ್ಲಿ ಒಮ್ಮೆ ಲಿಫ್ಟಿನ ಮುಂದೆ ಶ್ರೀ ಚೆನ್ ಸಿಕ್ಕಿದರು. ಲಿಫ್ಟು ಎಂದಿನಂತೆ ಬರಲಿಲ್ಲ. ನಾನು ಕೇಳಿಯೇಬಿಟ್ಟೆ, "ಇವರು ಒಬ್ಬರಿಗೊಬ್ಬರು ಕಾಗದ ತೋರಿಸಿದರೆ ನಿಮಗೇನು ಕಷ್ಟ?"

ಅವರು ಸಿಟ್ಟಾಗಲಿಲ್ಲ. "ನನ್ನ ದೇಶ ತನ್ನ ಕೆಲಸ ನೋಡಿಕೊಳ್ಳುತ್ತದೆ, ಮೇಡಂ. ಐವರೂ ಒಟ್ಟಿಗೆ ಬಂದು ಆ ಸಾಲು ತೆಗೆಯಿರಿ ಎಂದಿದ್ದರೆ ನಾನು ಮೇಲಕ್ಕೆ ಬರೆಯಲೇಬೇಕಾಗಿತ್ತು. ಯಾರೂ ಬರಲಿಲ್ಲ. ಒಬ್ಬೊಬ್ಬರಾಗಿ ಬಂದರು, ತಮಗೆ ಮಾತ್ರ ಸ್ವಲ್ಪ ಹೆಚ್ಚು ಕೊಡಿ ಎಂದು ಕೇಳಿದರು."

ನಾನು ಲಿಫ್ಟಿಗೆ ಕಾಯಲಿಲ್ಲ. ಮೆಟ್ಟಿಲಿಳಿದು ಹೋದೆ.

ಹೊಸ ಬಂದರು ಶುರುವಾದ ಮೇಲೆ ದ್ವೀಪದ ಕಡೆ ಒಂದು ಬಿರುಗಾಳಿ ಬಂತು. ಮೇಡಂ ಸೆಲೀನ್ ಅವರ ದೇಶದ ಮೂರು ಮೀನು ದೋಣಿಗಳು ಆ ಬಂದರಿನ ಬಾಯಿಗೆ ಬಂದು ನಿಂತವು. ಮೊದಲಾಗಿದ್ದರೆ ನೇರ ಒಳಗೆ. ಈಗ ಬಂದರು ನಡೆಸುವ ಕಂಪನಿಯ ಅನುಮತಿ ಬೇಕು, ಅನುಮತಿ ಕೊಡುವ ಅಧಿಕಾರಿ ಎಲ್ಲೋ ದೂರದ ಕಚೇರಿಯಲ್ಲಿ. ಅನುಮತಿ ಕೊಟ್ಟರು, ಇಲ್ಲ ಎನ್ನಲಿಲ್ಲ. ಅದು ಬರುವಷ್ಟರಲ್ಲಿ ಒಂದು ದೋಣಿ ಬಂಡೆಗೆ ಬಡಿದು ಸೀಳಿತ್ತು. ಜನರನ್ನು ಎತ್ತಿಕೊಂಡರು, ಎಲ್ಲರೂ ಉಳಿದರು.

ಅದರ ನಂತರದ ಸಭೆಗೆ ಕ್ಯಾಪ್ಟನ್ ಇದ್ರೀಸ್ ಒಂದು ಫೈಲು ತಂದರು. ಎದ್ದು ನಿಂತು ಹೇಳಿದ್ದನ್ನು ನಾನು ಒಂದಕ್ಷರ ಬಿಡದೆ ಬರೆದುಕೊಂಡೆ. "ನಮ್ಮ ಬಂದರಿನ ಒಪ್ಪಂದದ ಹದಿನಾಲ್ಕನೇ ಕಲಮಿನ ಪ್ರಕಾರ, ಬಿರುಗಾಳಿಯಲ್ಲೂ ನೆರೆಯ ದೇಶದ ದೋಣಿ ಒಳಗೆ ಬರಲು ಕಂಪನಿಯ ಅನುಮತಿ ಬೇಕು. ಸಹಿಯಾಗುವ ಮೊದಲು ಇದನ್ನು ನಾನು ಈ ಮೇಜಿಗೆ ತರಬೇಕಿತ್ತು. ತರಲಿಲ್ಲ. ಅದು ನನ್ನ ತಪ್ಪು. ನಿಮ್ಮಲ್ಲಿ ಇನ್ನು ಯಾರು ಇಂಥ ಸಾಲಿಗೆ ಸಹಿ ಹಾಕಿದ್ದೀರಿ?"

 ಮೇಡಂ ಸೆಲೀನ್ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿದ್ದರು. ಕ್ಯಾಪ್ಟನ್ ಎಲ್ಲರ ಮುಖ ನೋಡಿ ಕುಳಿತುಕೊಂಡರು. ನಾನು ಯಾರೂ ಉತ್ತರಿಸಲಿಲ್ಲ ಎಂದು ಬರೆದೆ.

ಆಗ ನಮ್ಮ ಸಭೆಗಳಿಗೆ ಯಂತ್ರವೂ ಬಂದಿತ್ತು. ಮೇಜಿನ ನಡುವೆ ಇಟ್ಟರೆ ತಾನೇ ಕೇಳಿ, ತಾನೇ ಬರೆದು, ತಾನೇ ಸಾರಾಂಶ ಕೊಡುತ್ತದೆ. ಯಂತ್ರದ ಮೇಲೆ ನನಗೆ ಹಗೆಯಿಲ್ಲ, ನನ್ನ ಬೆರಳು ನೋವು ಅದರಿಂದಲೇ ಕಡಿಮೆಯಾಯಿತು. ಅವತ್ತಿನ ಅದರ ಸಾರಾಂಶದಲ್ಲಿ ಬಂದರುಗಳ ಬಳಕೆ ಕುರಿತು ರಚನಾತ್ಮಕ ಚರ್ಚೆ ನಡೆಯಿತು ಎಂದಿತ್ತು. ಯಾರೂ ಬಾಯಿ ಬಿಡದ ಆ ಗಳಿಗೆ ಅದಕ್ಕೆ ಕೇಳಿಸಿರಲೇ ಇಲ್ಲ. ಮೊದಲ ವರ್ಷ ನಾನು ಬರೆದ ಕಳವಳದ ಹಾಗೆಯೇ ಇತ್ತು ಅದರ ಭಾಷೆ. ಹೊಸಬರು ಇದನ್ನೊಂದು ಗಮನಿಸಿಕೊಳ್ಳಿ.

ಡೈರೆಕ್ಟರಿಗೆ ಯಂತ್ರದ್ದೇ ಹಿಡಿಸಿತು. ನನ್ನನ್ನು ಕರೆದು ಕ್ಯಾಪ್ಟನ್ನರ ಪ್ಯಾರಾ ಅಳಿಸಿ ನಡಾವಳಿಗೆ ಸಹಿ ಹಾಕಲು ಹೇಳಿದರು. "ಅವರದು ಖಾಸಗಿ ಮಾತು. ಒಪ್ಪಂದದ ಗುಟ್ಟನ್ನು ಹೊರಗೆ ಹಾಕಿದ್ದಾರೆ. ನಾಳೆ ಈ ಕಚೇರಿಯ ಮೇಲೆ ಬರುತ್ತದೆ."

"ಸಭೆಯಲ್ಲಿ ಎದ್ದು ನಿಂತು ಹೇಳಿದ್ದು ಖಾಸಗಿ ಹೇಗೆ ಸಾರ್?"

ಅವರು ಒಂದು ಕಾಗದವನ್ನು ನನ್ನ ಕಡೆ ಸ್ವಲ್ಪ ಸರಿಸಿದರು. ಮೂರು ತಿಂಗಳಲ್ಲಿ ನನಗೆ ಅರುವತ್ತು. ಎರಡು ವರ್ಷ ಮುಂದುವರಿಸುತ್ತೇವೆ ಎಂದು ಮಾತು ಕೊಟ್ಟಿದ್ದರು, ಆ ಕಾಗದ ಅದು. "ಇದು ನನ್ನ ಮೇಜಿನಲ್ಲಿದೆ. ಅದು ನಿಮ್ಮ ಮೇಜಿನಲ್ಲಿದೆ. ಯೋಚಿಸಿ" ಎಂದರು.

ಗಂಡ ಹಮೀದ್ ಮುಸಫ್ಫಾದ ಫ್ಯಾಬ್ರಿಕೇಶನ್ ವರ್ಕ್‌ಶಾಪಿನಲ್ಲಿ ಬದುಕೆಲ್ಲ ದುಡಿದು ಮನೆಯಲ್ಲಿದ್ದರು. ಅವರ ವೀಸಾ ನನ್ನ ವೀಸಾದ ಮೇಲೆ. ನನ್ನ ಕೆಲಸ ಹೋದರೆ ಇಬ್ಬರೂ ಹೊರಡಬೇಕು. ಹಮ್ದಾನ್ ಸ್ಟ್ರೀಟಿನ ಹಿಂದಿನ ಆ ಎರಡು ಕೋಣೆಯ ಮನೆಯಲ್ಲೇ ಮಗಳು ಹುಟ್ಟಿ ಬೆಳೆದದ್ದು. ಪಕ್ಕದ ಮಸೀದಿಯ ಬಾಂಗ್ ಕೇಳಿ ಎದ್ದು, ಕೆಳಗಿನ ಮಲಯಾಳಿಯ ಅಂಗಡಿಯ ಪರೋಟದ ವಾಸನೆಗೆ ಬೈದು, ಅಲ್ಲೇ ಮುದುಕರಾಗೋಣ ಎಂದುಕೊಂಡಿದ್ದೆವು. ಮಗಳು ಸನಾಗೆ ಫೋನು ಮಾಡಿ ಕೇಳಿದೆ.

"ಉಮ್ಮಾ, ಜಸ್ಟ್ ಸೈನ್ ಇಟ್. ನೋಬಡಿ ರೀಡ್ಸ್ ಮಿನಿಟ್ಸ್" ಎಂದಳು.

ಹಮೀದ್ ನಮ್ಮ ಬ್ಯಾರಿ ಮಾತಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ. "ನಿನಗೆ ಎಂತ ಬೇಕೋ ಅದು ಮಾಡು. ನನ್ನ ವೀಸಾದ ಹೆಸರು ಹೇಳಿ ಹೆದರ್ಬೇಡ. ಆಮೇಲೆ ನೀನು ಜೀವಮಾನ ಇಡೀ ನನಗೇ ಬೈತಿ."

ಅಷ್ಟರಲ್ಲಿ ಕ್ಯಾಪ್ಟನ್ನರನ್ನು ಅವರ ಸರ್ಕಾರ ವಾಪಸು ಕರೆಸಿಕೊಂಡಿತು. ವಿಮಾನ ನಿಲ್ದಾಣದಿಂದ ಫೋನು ಮಾಡಿದರು. "ಆ ಪ್ಯಾರಾ ಇಲ್ಲದಿದ್ದರೆ ನನಗೆ ಹುದ್ದೆ ಮರಳಿ ಸಿಗಬಹುದಂತೆ. ಯಾರಾದರೂ ನಿಮಗೆ ಹೇಳಿದರೆ ನನ್ನ ಸಲುವಾಗಿ ಅಳಿಸಬೇಡಿ. ನನ್ನ ಬಾಯಿಂದ ಬಂದದ್ದರಲ್ಲಿ ಒಳ್ಳೆಯದು ಅದೊಂದೇ."

ಮರುದಿನ ಡೈರೆಕ್ಟರಿಗೆ ಹೇಳಿದೆ. "ಅಳಿಸುವುದಿಲ್ಲ ಸಾರ್. ಅಳಿಸಿದ್ದಕ್ಕೆ ಸಹಿಯನ್ನೂ ಹಾಕುವುದಿಲ್ಲ."

"ಹಾಗಾದರೆ ಖಲಾಸ್" ಎಂದು ಅವರು ಆ ಕಾಗದವನ್ನು ಡ್ರಾಯರಿನೊಳಗೆ ಹಾಕಿದರು.  ಹೊರಗೆ ಸತ್ಯನಾರಾಯಣ ನಿಂತಿದ್ದರು.

"ಯಾಕ್ ಬೇಕಿತ್ರೀ ಈ ವಯಸ್ಸಲ್ಲಿ? ಎರಡ್ ವರ್ಷ ನೆಮ್ಮದಿಯಾಗಿ ಇರಬಹುದಿತ್ತು."

"ನೆಮ್ಮದಿ ಅಂದ್ರೆ ಎಂತ ಸಾರ್? ಆ ಗುರುವಾರ ಒಂದು ಸಲ ನನ್ನ ಕೈ ಕ್ಯಾಪ್ಟನ್ನರ ಮಾತು ಹಾಳು ಮಾಡಿದೆ. ಎರಡನೇ ಸಲ ಬೇಕಂತಲೇ ಮಾಡುದಾ?"

 ಅವರು ನಿಯಮದ ಪುಸ್ತಕ ಬಗಲಲ್ಲಿಟ್ಟುಕೊಂಡು ಹೋದರು.

ನನ್ನ ಕೊನೆಯ ಸಭೆ ಬಂತು. ಆ ಸಲದ ಅಧ್ಯಕ್ಷತೆ ಮೇಡಂ ಸೆಲೀನ್ ಅವರದು. ಕ್ಯಾಪ್ಟನ್ನರ ಕುರ್ಚಿಯಲ್ಲಿ ಹೊಸ ಪ್ರತಿನಿಧಿ, ನಲವತ್ತರ ಆಸುಪಾಸಿನ ವಕೀಲರು, ಇಸ್ತ್ರಿ ಮುರಿಯದ ಸೂಟು. ಎಲ್ಲರ ಮುಂದೆ ಡೈರೆಕ್ಟರ್ ಕತ್ತರಿಸಿ ಹಂಚಿದ ಪ್ರತಿ. ಹಿಂದಿನ ಸಭೆಯ ನಡಾವಳಿ ಓದಿ ಎಂದು ಅಧ್ಯಕ್ಷರು ಹೇಳಿದಾಗ ನಾನು ಆ ಪ್ರತಿಯನ್ನು ಮಗುಚಿಟ್ಟು, ನನ್ನ ಟಿಪ್ಪಣಿ ಪುಸ್ತಕ ತೆರೆದು ಓದಿದೆ. ಕ್ಯಾಪ್ಟನ್ನರ ಮಾತು ಬಂತು. ಹಾಳೆ ತಿರುವುವ ಸದ್ದು ಶುರುವಾಯಿತು, ಯಾರ ಪ್ರತಿಯಲ್ಲೂ ಅದು ಸಿಗಲಿಲ್ಲ.

"ಅದು ಪ್ರತಿಯಲ್ಲಿ ಇಲ್ಲ" ಎಂದರು ಡೈರೆಕ್ಟರ್.

"ಸಭೆಯಲ್ಲಿ ಇತ್ತು ಸಾರ್" ಎಂದೆ. ಯಾರೂ ಉತ್ತರಿಸಲಿಲ್ಲ ಎಂಬಲ್ಲಿಯವರೆಗೆ ಓದಿಯೇ ನಿಲ್ಲಿಸಿದೆ.

ಹೊಸ ಪ್ರತಿನಿಧಿ ಮೈಕ್ ಒತ್ತಿದರು. "ನಮ್ಮ ಸರ್ಕಾರದ ಸೂಚನೆ ಸ್ಪಷ್ಟವಾಗಿದೆ. ಇಂಥ ಮಾತನ್ನು ನಮ್ಮ ಪ್ರತಿನಿಧಿ ಆಡಿಲ್ಲ. ನಾವು ಇದನ್ನು ಒಪ್ಪುವುದಿಲ್ಲ."

"ನೀವು ಆ ದಿನ ಇರಲಿಲ್ಲ. ನಾನಿದ್ದೆ" ಎಂದೆ. ಗುಮಾಸ್ತೆಯರು ಹಾಗೆ ಮಾತಾಡುವ ಕ್ರಮ ಇಲ್ಲ. 

ಮೇಡಂ ಸೆಲೀನ್ ನನ್ನನ್ನು ನೋಡಿದರು. "ಆಕ್ಷೇಪ ಬಂದಿದೆ. ಕ್ರಮ ಏನು?"

ಕ್ರಮ ನನಗೆ ಗೊತ್ತಿತ್ತು, ಆ ನಿಯಮಗಳನ್ನು ಟೈಪ್ ಮಾಡಿದವಳೇ ನಾನು. "ನಡಾವಳಿಯ ಮಾತಿಗೆ ಯಾರಾದರೂ ಆಕ್ಷೇಪಿಸಿದರೆ, ಯಾವ ಮಾತಿಗೆ ಎಂದು ಅದನ್ನು ಪೂರ್ತಿಯಾಗಿ ಅವರೇ ಓದಿ ಹೇಳಬೇಕು ಮೇಡಂ. ಆ ಮಾತು, ಅದರ ಮೇಲಿನ ಆಕ್ಷೇಪ, ಎರಡನ್ನೂ ಇವತ್ತಿನ ನಡಾವಳಿಯಲ್ಲಿ ಬರೆಯಬೇಕು."

ಡೈರೆಕ್ಟರ್ ಅದೆಲ್ಲ ಹಳೇ ನಿಯಮ ಎನ್ನುವಷ್ಟರಲ್ಲಿ ಹಿಂದಿನ ಸಾಲಿನ ಕುರ್ಚಿಯಿಂದ ಸತ್ಯನಾರಾಯಣ ಎದ್ದರು. ಮೂವತ್ತು ವರ್ಷದಲ್ಲಿ ಆ ಮನುಷ್ಯ ಸಭೆಯಲ್ಲಿ ಬಾಯಿ ತೆರೆದದ್ದು ನಾನು ನೋಡಿರಲಿಲ್ಲ. ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು, "ಹಳೆಯದು ಹೌದು. ರದ್ದಾಗಿಲ್ಲ" ಎಂದು ಹೇಳಿ ಕೂತರು.

ನಾನು ನನ್ನ ಪುಸ್ತಕವನ್ನು ಹೊಸ ಪ್ರತಿನಿಧಿಯ ಮುಂದೆ ಇಟ್ಟೆ. ಎಲ್ಲಿಂದ ಎಲ್ಲಿಯವರೆಗೆ ಎಂದು ಬೆರಳಿಟ್ಟು ತೋರಿಸಿದೆ. ಅವರು ಡೈರೆಕ್ಟರನ್ನು ನೋಡಿದರು, ಡೈರೆಕ್ಟರ್ ಕಿಟಕಿ ನೋಡುತ್ತಿದ್ದರು. ಬೇರೆ ದಾರಿಯಿಲ್ಲದೆ ಅವರು ಓದತೊಡಗಿದರು, ವಕೀಲರ ದನಿಯಲ್ಲಿ, ಬೇಗ ಬೇಗ. ನಮ್ಮ ಬಂದರಿನ ಒಪ್ಪಂದದ ಹದಿನಾಲ್ಕನೇ ಕಲಮಿನ ಪ್ರಕಾರ ಎಂದು ಶುರುಮಾಡಿದವರು ಅದು ನನ್ನ ತಪ್ಪು ಎಂಬಲ್ಲಿಗೆ ಬಂದಾಗ ನಿಧಾನವಾದರು. ಕೊನೆಯ ಸಾಲು ಓದಿದರು.

"ನಿಮ್ಮಲ್ಲಿ ಇನ್ನು ಯಾರು ಇಂಥ ಸಾಲಿಗೆ ಸಹಿ ಹಾಕಿದ್ದೀರಿ?"

ಓದಿದವರ ದೇಶ ಕೇಳಬಾರದೆಂದ ಪ್ರಶ್ನೆಯನ್ನು ಆ ದೇಶವೇ ಮೈಕಿನಲ್ಲಿ ಕೇಳಿದಂತಾಯ್ತು. ನಾನು ನನ್ನ ಮೂಲೆಗೆ ಬಂದು ಕೂತು ಪೆನ್ಸಿಲ್ ತೆಗೆದುಕೊಂಡೆ. ಮೇಡಂ ಸೆಲೀನ್ ಮುಂದಿನ ವಿಷಯಕ್ಕೆ ಹೋಗಲಿಲ್ಲ. ತಮ್ಮ ಪೆನ್ನನ್ನು ಮೇಜಿನ ಮೇಲೆ ಇಟ್ಟರು.

"ನಾವು ಹಾಕಿದ್ದೇವೆ" ಎಂದರು. "ಆ ಜಂಟಿ ಪತ್ರಕ್ಕೆ ನಾವು ಬೇಡ ಎಂದದ್ದೂ ಅದಕ್ಕೇ. ನಮ್ಮ ಒಪ್ಪಂದದಲ್ಲಿ ಅದು ಹನ್ನೊಂದನೇ ಕಲಮು. ಒಡೆದದ್ದು ನಮ್ಮ ದೋಣಿ, ಆದರೆ ನಮ್ಮ ಹೊಸ ಬಂದರಿಗೆ ದ್ವೀಪದ ದೋಣಿ ಬಂದರೂ ಹೊರಗೇ ನಿಲ್ಲಬೇಕು. ಬರೆದುಕೊಳ್ಳಿ."

ಬರೆದುಕೊಂಡೆ.